ಶತ್ರುವೆನಿಸಿದ ಶರಣಾರ್ಥಿ

1940ರ ‘ದಿ ಗ್ರೇಟ್ ಡಿಕ್ಟೇಟರ್’ ಚಿತ್ರದಲ್ಲಿ ಯೆಹೂದಿ ಕ್ಷೌರಿಕನನ್ನು ಜನರು ಸರ್ವಾಧಿಕಾರಿಯೆಂದೇ ಭ್ರಮಿಸುತ್ತಾರೆ. ಅಲ್ಲಿ ಅದು ವಿನೋದ. ಆದರೆ ಒಂದು ವರ್ಷ ಮೊದಲೇ ಇಂಥದೇ ಭ್ರಮೆ ನಮ್ಮ ದೇಶದಲ್ಲಿ ಸರಕಾರಿ ಆಜ್ಞೆಯ ರೂಪದಲ್ಲಿ ನಡೆದುಹೋಗಿದ್ದಿತು. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಘೋಷಣೆಯಾದೊಡನೆ ಆಂಗ್ಲ ಸರಕಾರವು ಜರ್ಮನ್ ಪುರುಷರನ್ನು ಶತ್ರುಗಳೆಂದು ಬಂಧಿಸಿತು. ಮಲಾಡಿನ ಬಾಂಬೆ ಟಾಕೀಸಿಗಾಗಿ ‘ಅಛೂತ್ ಕನ್ಯಾ’ವನ್ನು ನಿರ್ದೇಶಿಸಿದ್ದ ಫ್ರಾಂಜ್ ಆಸ್ಟೆನ್ ಸೆರೆಯಾದರು; ಅವರು 1936ರಿಂದ ನಾತ್ಸಿ ಪಕ್ಷದ ಸದಸ್ಯರೇ ಸರಿ. ಆದರೆ ಆ ಪಕ್ಷದ ಹಿಂಸೆಗಂಜಿ ಓಡಿಬಂದ ಯೆಹೂದಿಗಳೂ ಅದೇ ಬಲೆಗೆ ಬಿದ್ದರು! ಅನೇಕರ ರಹದಾರಿಯ ಮೇಲೆ ಸ್ವತಃ ಜರ್ಮನಿಯೇ 1938ರಿಂದ ಕೆಂಪು ‘ಜೆ’ ಅಕ್ಷರವನ್ನು ಒತ್ತಿದ್ದಿತು. ಗುರುತಿಗೆ ಇನ್ನೇನು ಬೇಕಾಗಿತ್ತು? ವಿಚಾರಣೆಯ ತರುವಾಯ ಹಲವರಿಗೆ ಬಿಡುಗಡೆಯಾಯಿತು. ಪ್ರಾಗಿನ ಯೆಹೂದಿ ಲೇಖಕ ವಿಲ್ಲಿ ಹಾಸ್ ಮುಂಬಯಿಯಲ್ಲಿ ಮೋಹನ್ ಭವನಾನಿಯವರ ಚಿತ್ರಗಳಿಗೆ ಕಥೆ ಬರೆದು, ಯುದ್ಧ ಮುಗಿಯುವವರೆಗೂ ಭಾರತದಲ್ಲಿಯೇ ಉಳಿದರು. ಆಸ್ಟೆನ್ 1940ರಲ್ಲಿಯೇ ಸ್ವದೇಶಕ್ಕೆ ಮರಳಿದ್ದರು.