ಗದ್ದೆ ಒಕ್ಕಲಿನದು, ಮೊಲ ಧಣಿಯದು

ಧಣಿ-ಒಕ್ಕಲು ಎಂದರೆ ನಮ್ಮ ಹಿರಿಯರಿಗೆ ಗೇಣಿ ಅಕ್ಕಿಯ ಲೆಕ್ಕ ನೆನಪಾಗುತ್ತದೆ. ಇಂಗ್ಲೆಂಡಿನ ಒಕ್ಕಲಿಗೆ ಇನ್ನೊಂದು ಕಾಟವೂ ಇತ್ತು. ಅವನು ಬೆಳೆದದ್ದನ್ನು ಮೊಲಗಳು ತಿನ್ನುತ್ತಿದ್ದರೂ ಧಣಿಯ ಒಪ್ಪಿಗೆಯಿಲ್ಲದೆ ಒಂದು ಉರುಳು ಇಡುವ ಹಾಗಿರಲಿಲ್ಲ.

1671ರ ಕಾಯಿದೆಯ ಪ್ರಕಾರ, ವರ್ಷಕ್ಕೆ 100 ಪೌಂಡ್ ಹುಟ್ಟುವಳಿಯ ಸ್ವಂತ ಭೂಮಿ ಇಲ್ಲದವರು ಬೇಟೆಯ ಬಲೆ, ಉರುಳು, ನಾಯಿ ಇಟ್ಟುಕೊಳ್ಳಬಾರದು. (ದೊಡ್ಡ ಮನೆತನದವರಿಗೆ ವಿನಾಯಿತಿ ಇತ್ತು, ಕೇಳಬೇಕೆ!) ಆಗ ಕೌಂಟಿಯಲ್ಲಿ ಮತ ಹಾಕಲು 40 ಶಿಲ್ಲಿಂಗ್ ಹುಟ್ಟುವಳಿಯ ಭೂಮಿ ಸಾಕಿತ್ತು. ಪೌಂಡಿಗೆ 20 ಶಿಲ್ಲಿಂಗ್. ಮಕ್ಕಳೇ, ಲೆಕ್ಕ ಹಾಕಿ ನೋಡಿ: ಮತಕ್ಕಿಂತ ಮೊಲಕ್ಕೆ 50 ಪಾಲು ಹೆಚ್ಚು ಆಸ್ತಿ ಬೇಕು!

1831ರಲ್ಲಿ ಈ ಆಸ್ತಿಯ ನಿಯಮ ಹೋಯಿತು. ಆದರೆ ಧಣಿಗಳು ಗೇಣಿಪತ್ರದಲ್ಲೇ "ಬೇಟೆಯ ಹಕ್ಕು ನಮ್ಮದು" ಎಂದು ಬರೆಸಿಕೊಳ್ಳತೊಡಗಿದರು. ನೆಂಟರಿಷ್ಟರನ್ನು ಕರೆದು ಬೇಟೆಯಾಡಲು ಅವರಿಗೆ ಮೊಲ ಬೇಕಿತ್ತು. ಅವುಗಳ ಮೇವು ಮಾತ್ರ ಒಕ್ಕಲಿನ ಗದ್ದೆಯದು. ರಾತ್ರಿ ಕದ್ದು ಹಿಡಿದು ಮೂರನೇ ಸಲ ಸಿಕ್ಕಿಬಿದ್ದವನಿಗೆ 1828ರ ಕಾಯಿದೆಯಲ್ಲಿ 7 ವರ್ಷ ಗಡೀಪಾರು. ಕಳ್ಳಬೇಟೆಯಲ್ಲಿ ಸತ್ತ ಮೊಲವೂ ಭೂಮಾಲಿಕನದೇ ಎಂದು 1865ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ ಹೇಳಿತು.

ಕೊನೆಗೆ 1880ರಲ್ಲಿ, ಗ್ಲಾಡ್‌ಸ್ಟನ್ ಪ್ರಧಾನಿಯಾಗಿದ್ದಾಗ, 'ಗ್ರೌಂಡ್ ಗೇಮ್ ಆಕ್ಟ್' ಬಂತು. ಬಿಲದ ಮೊಲ, ಬಯಲಿನ ದೊಡ್ಡ ಮೊಲ ಎರಡನ್ನೂ ತನ್ನ ಗದ್ದೆಯಲ್ಲಿ ಹಿಡಿಯುವ ಹಕ್ಕು ಒಕ್ಕಲಿಗೂ ಸಿಕ್ಕಿತು. ಇದರಲ್ಲಿ ನನಗೆ ಬಹಳ ಮೆಚ್ಚುಗೆಯಾದ ಮಾತೊಂದಿದೆ: ಈ ಹಕ್ಕನ್ನು ಬಿಟ್ಟುಕೊಡುತ್ತೇನೆಂದು ಒಕ್ಕಲು ಸಹಿ ಹಾಕಿಕೊಟ್ಟರೂ ಆ ಕರಾರು ನಿಲ್ಲದು. ಧಣಿಯ ಮುಂದೆ ಕೈಕಟ್ಟಿ ನಿಂತವನು ಯಾವ ಕಾಗದಕ್ಕೂ ಸಹಿ ಹಾಕುತ್ತಾನೆಂಬುದು ಕಾಯಿದೆ ಬರೆದವರಿಗೆ ಗೊತ್ತಿತ್ತು. ಬೇರೆಯವರಿಂದ ಹಿಡಿಸುವುದಾದರೆ ಒಕ್ಕಲು ಬರಹದಲ್ಲಿ ಅನುಮತಿ ಕೊಡಬೇಕು. ವಿಷ ಕೂಡದು, ಸ್ಪ್ರಿಂಗಿನ ಕಬ್ಬಿಣದ ಬೋನನ್ನು ಬಿಲದ ಒಳಗಲ್ಲದೆ ಹೊರಗೆ ಇಡಬಾರದು. ಹಕ್ಕಿಬೇಟೆ ಮಾತ್ರ ಧಣಿಯ ಕೈಯಲ್ಲೇ ಉಳಿಯಿತು.

ನಮ್ಮ ದೇಶದ 1972ರ ವನ್ಯಜೀವಿ ಕಾಯಿದೆ ಬೇರೆ ದಾರಿ ಹಿಡಿಯಿತು. ಉರುಳು ಇಡುವುದೂ ಬೇಟೆಯೇ. ಬೇಟೆಯಾದ ಪ್ರಾಣಿ ಸರಕಾರದ ಸೊತ್ತು. ಪಟ್ಟೆ ಜಾಗ ಎಂದು ಹೇಳಿ ಪ್ರಯೋಜನವಿಲ್ಲ. ಕಾಸರಗೋಡಿನ ತೋಟಗಳಿಗೆ ಇಳಿಯುವ ಕಾಡುಹಂದಿಯ ವಿಷಯದಲ್ಲಿ ಆ ಅನುಮತಿ ಊರಿನ ಹತ್ತಿರಕ್ಕೆ ಬಂದದ್ದು 2022ರಲ್ಲಿ. ಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಆಗ ಕೇರಳ ಸರಕಾರ ಪಂಚಾಯತು ಅಧ್ಯಕ್ಷರಿಗೆ ಕೊಟ್ಟಿತು. ವಿಷ, ಸಿಡಿಮದ್ದು, ಕರೆಂಟು ತಂತಿ ಮಾತ್ರ ಕೂಡದೆಂದಿತು.