ಆನ್ಸರ್ ಬಿ ಅಂತ ಗೊತ್ತು ಸಾರ್

ಸಿಸ್ಕೋ ಕಂಪನಿ 1993ರಲ್ಲಿ ಸಿಸಿಐಇ ಅನ್ನೋ ಸರ್ಟಿಫಿಕೇಟು ಶುರು ಮಾಡಿದಾಗ ಅದರ ನಂಬರುಗಳನ್ನು ಒಂದರಿಂದ ಎಣಿಸಲಿಲ್ಲ, 1024ರಿಂದ ಎಣಿಸಿತು. ಕಂಪ್ಯೂಟರ್ ಮಂದಿಗೆ 1024 ಅಂದ್ರೆ ನಮಗೆ 108 ಇದ್ದ ಹಾಗೆ. ವಿಶೇಷ ಅದಲ್ಲ. ಆ ಮೊದಲ ನಂಬರನ್ನು ಯಾವ ಮನುಷ್ಯನಿಗೂ ಕೊಡಲಿಲ್ಲ, ಪರೀಕ್ಷೆ ನಡೆಯುವ ಲ್ಯಾಬಿಗೇ ಕೊಟ್ಟರು. ಮನುಷ್ಯರ ಲೆಕ್ಕ 1025ರಿಂದ. ಆಗ ಆ ಪರೀಕ್ಷೆ ಎರಡು ದಿನದ್ದು. ಒಂದೂವರೆ ದಿನ ಕೂತು ರೂಟರುಗಳನ್ನೆಲ್ಲ ಜೋಡಿಸಿ ಒಂದು ನೆಟ್‌ವರ್ಕ್ ಕಟ್ಟಬೇಕು. ಎರಡನೇ ದಿನ ನೀವು ಊಟಕ್ಕೆ ಹೋದಾಗ ಪರೀಕ್ಷಕ ಬಂದು ಅಲ್ಲಲ್ಲಿ ಕೆಡಿಸಿಟ್ಟು ಹೋಗುತ್ತಿದ್ದ. ಊಟ ಮುಗಿಸಿ ಬಂದು ಏನು ಕೆಟ್ಟಿದೆ ಅಂತ ಹುಡುಕಿ ಸರಿಮಾಡಬೇಕು. 2001ರಲ್ಲಿ ಅದನ್ನು ಒಂದು ದಿನಕ್ಕೆ ಇಳಿಸಿದರು.

ಈ ಕತೆಯನ್ನು ನಾನು ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಲ್ಲ. ಹೇಳುವಾಗೆಲ್ಲ ಸ್ವಲ್ಪ ನಾಚಿಕೆಯೂ ಆಗುತ್ತಿತ್ತು. ಯಾಕೆ ಅಂತ ಮುಂದೆ ಹೇಳ್ತೀನಿ.

ಸರ್ಟಿಫಿಕೇಟಿನ ಈ ವ್ಯಾಪಾರ ಸಿಸ್ಕೋದಿಂದ ಶುರುವಾದದ್ದಲ್ಲ. ಅದಕ್ಕಿಂತ ಮುಂಚೆ ಅಮೆರಿಕದ ಯೂಟಾ ರಾಜ್ಯದ ನೋವೆಲ್ ಕಂಪನಿ ಇತ್ತು. 1980ರ ದಶಕದ ಕೊನೆಗೆ ಆಫೀಸುಗಳಲ್ಲಿ ನಾಲ್ಕು ಕಂಪ್ಯೂಟರನ್ನು ಒಂದಕ್ಕೊಂದು ಕಟ್ಟಬೇಕೆಂದರೆ ನೋವೆಲ್ಲಿನ ನೆಟ್‌ವೇರ್ ಬೇಕಿತ್ತು. ಮಾರಿದ ಕಡೆಯೆಲ್ಲ ರಿಪೇರಿಗೆ ತನ್ನ ಜನರನ್ನೇ ಕಳಿಸಲು ಕಂಪನಿಗೆ ಆಗುತ್ತಿರಲಿಲ್ಲ. ಹಾಗಾಗಿ ಊರೂರಲ್ಲಿ ಬಲ್ಲವರನ್ನು ತಯಾರು ಮಾಡಿ, ಅವರಿಗೆ ಸಿಎನ್‌ಇ ಅಂತ ಮುದ್ರೆ ಒತ್ತಿತು. ಉದ್ದೇಶ ಒಳ್ಳೆಯದೇ. ಆದರೆ ಮುದ್ರೆಗೆ ಸಂಬಳ ಜಾಸ್ತಿ ಅಂತ ಗೊತ್ತಾದ ಕೂಡಲೇ ಮುದ್ರೆಯನ್ನಷ್ಟೇ ಬೇಕೆನ್ನುವವರು ಹುಟ್ಟಿಕೊಂಡರು. ಸರ್ವರಿನ ಮುಚ್ಚಳವನ್ನೇ ತೆಗೆಯದೆ ಪುಸ್ತಕ ಓದಿ ಪಾಸಾದವರಿಗೆ ಅಮೆರಿಕದಲ್ಲೇ ‘ಪೇಪರ್ ಸಿಎನ್‌ಇ’ ಅನ್ನೋ ಹೆಸರು ಬಿತ್ತು. ಮೈಕ್ರೋಸಾಫ್ಟ್ ಎಂಸಿಎಸ್‌ಇ ತಂದ ಮೇಲೆ ಹೆಸರು ಬದಲಾಗಿ ‘ಪೇಪರ್ ಎಂಸಿಎಸ್‌ಇ’ ಆಯಿತು. ಪೇಪರ್ರು ಮಾತ್ರ ಹಾಗೇ ಉಳಿಯಿತು.

ನಾನು 1998ರಲ್ಲಿ ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟಿಗೆ ಪಾಠ ಹೇಳಲು ಸೇರಿದೆ. ಯಾವುದು ಅಂತ ಬೇಡ, ಈಗ ಅಲ್ಲಿ ಚಪ್ಪಲಿ ಅಂಗಡಿ ಇದೆ. ವೈ2ಕೆ ಗಲಾಟೆಯ ಕಾಲ. ಬಿಕಾಂ ಮುಗಿಸಿದವನೂ, ಡಿಪ್ಲೊಮಾ ಅರ್ಧಕ್ಕೆ ಬಿಟ್ಟವನೂ ಎಂಸಿಎಸ್‌ಇ ಮಾಡಿದರೆ ಅಮೆರಿಕಕ್ಕೆ ಹೋಗಬಹುದು ಅಂತ ನಂಬಿಕೊಂಡು ಬರುತ್ತಿದ್ದ. ವಿಂಡೋಸ್ ಎನ್‌ಟಿ 4.0 ಬಂದು ಎರಡು ವರ್ಷವಾಗಿತ್ತು. ಒಟ್ಟು ಆರು ಪರೀಕ್ಷೆ: ನಾಲ್ಕು ಕಡ್ಡಾಯ, ಎರಡು ಐಚ್ಛಿಕ. ಎಲ್ಲವೂ ಕಂಪ್ಯೂಟರಿನ ಮುಂದೆ ಕೂತು ಎ, ಬಿ, ಸಿ, ಡಿ ಒತ್ತುವ ಪರೀಕ್ಷೆಗಳು.

ನಮ್ಮ ಲ್ಯಾಬಿನಲ್ಲಿ ಎಂಟು ಕಂಪ್ಯೂಟರು, ಬ್ಯಾಚಿನಲ್ಲಿ ಇಪ್ಪತ್ತನಾಲ್ಕು ಹುಡುಗರು. ಕಂಪ್ಯೂಟರುಗಳನ್ನು ಕಟ್ಟಿದ್ದು ಕೋ-ಆಕ್ಸಿಯಲ್ ಕೇಬಲ್ಲಿನಲ್ಲಿ, ಟೀವಿ ಕೇಬಲ್ಲಿನ ತಮ್ಮನ ಹಾಗಿರುವ ಕರಿ ವೈರು. ಅದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೂವಿನ ಸರದ ಹಾಗೆ ಹೋಗುತ್ತೆ. ಎರಡು ತುದಿಗೂ 50 ಓಮ್‌ನ ಒಂದೊಂದು ಟರ್ಮಿನೇಟರ್, ಹೆಬ್ಬೆರಳಿನ ತುದಿಯಷ್ಟು ದಪ್ಪದ ಲೋಹದ ಮುಚ್ಚಳ. ಅದರಲ್ಲಿ ಒಂದನ್ನು ತೆಗೆದರೆ ಇಡೀ ಸಾಲು ಸತ್ತ ಹಾಗೆ. ಕಳಿಸಿದ ಸಿಗ್ನಲ್ಲು ತುದಿಗೆ ಹೋಗಿ, ಗೋಡೆಗೆ ಹೊಡೆದ ಚೆಂಡಿನ ಹಾಗೆ ವಾಪಸ್ ಬಂದು ಎಲ್ಲವನ್ನೂ ಕಲಸಿಬಿಡುತ್ತೆ. ಕಸ ಗುಡಿಸಲು ಬರುತ್ತಿದ್ದ ಅಮ್ಮ ವಾರಕ್ಕೊಮ್ಮೆಯಾದರೂ ಪೊರಕೆಯಲ್ಲಿ ಅದನ್ನು ಸಡಿಲ ಮಾಡೋರು. ಬೆಳಗ್ಗೆ ಬಂದರೆ ಯಾವುದೂ ಇನ್ನೊಂದಕ್ಕೆ ಕಾಣ್ತಿರಲಿಲ್ಲ. ನಾನು ಹುಡುಗರು ಬರುವ ಮುಂಚೆ ಬಗ್ಗಿ ನೋಡಿ ಸರಿಮಾಡಿ ಇಡುತ್ತಿದ್ದೆ. ಎಂಥ ದಡ್ಡ ಕೆಲಸ ಮಾಡುತ್ತಿದ್ದೆ ಅಂತ ಅರ್ಥವಾಗಲು ಒಂದು ವರ್ಷ ಬೇಕಾಯಿತು.

ಪಾಠಕ್ಕೆ ಯಾವ ಪುಸ್ತಕ? ಅಧಿಕೃತ ದಾರಿ ಎಂದರೆ ಎಂಒಸಿ, ಮೈಕ್ರೋಸಾಫ್ಟಿನದ್ದೇ ಪಠ್ಯ. ಒಂದು ಕೋರ್ಸಿಗೆ ಐದು ದಿನ ಅಂತ ಲೆಕ್ಕ ಹಾಕಿ ಬರೆದದ್ದು. ಕಾಗದ ಚೆನ್ನ, ಚಿತ್ರ ಚೆನ್ನ, ಬೆಲೆ ನಮ್ಮ ಹುಡುಗರಿಗೆ ಆಗದು. ಅದರ ಲ್ಯಾಬ್ ಪಾಠಗಳ ಬಗ್ಗೆ ನನಗೆ ಈಗಲೂ ತಕರಾರಿದೆ. ಇಲ್ಲಿ ಕ್ಲಿಕ್ ಮಾಡು, ಈಗ ಓಕೆ ಒತ್ತು, ಈಗ ನೆಕ್ಸ್ಟ್ ಒತ್ತು ಅಂತ ಅಂಬೆಗಾಲಿಡುವ ಮಗುವಿನ ಕೈ ಹಿಡಿದ ಹಾಗೆ ಬರೆದಿರುತ್ತಾರೆ. ಮೂವತ್ತು ಹೆಜ್ಜೆ ಮುಗಿಸಿದ ಹುಡುಗನನ್ನು ‘ಏನಪ್ಪಾ ಮಾಡಿದೆ?’ ಅಂತ ಕೇಳಿದರೆ ಅವನಿಗೆ ಗೊತ್ತಿರಲ್ಲ. ಕೈ ಕೆಲಸ ಮಾಡಿರುತ್ತೆ, ಅಷ್ಟೇ. ಎರಡನೇ ದಾರಿ, ಸೈಬೆಕ್ಸ್‌ನವರ ದಪ್ಪ ಪುಸ್ತಕಗಳು. ದೆಹಲಿಯ ಬಿಪಿಬಿಯವರು ಅವನ್ನು ಇಲ್ಲೇ ಕಡಿಮೆ ಬೆಲೆಗೆ ಅಚ್ಚು ಹಾಕುತ್ತಿದ್ದರು. ಅವೆನ್ಯೂ ರೋಡಿನಲ್ಲಿ ಹಳೆಯದು ಸಿಕ್ಕರೆ ಇನ್ನೂ ಅಗ್ಗ. ತಿಳಿಯಬೇಕೆನ್ನುವವನಿಗೆ ಅದು ಸಾಕಿತ್ತು. ಆದರೆ ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಬಂದವನಿಗೆ ಆರುನೂರು ಪುಟದ ಇಂಗ್ಲಿಷು ಅಂದರೆ ಚಾರ್ಮಾಡಿ ಘಾಟಿ ಹತ್ತಿದ ಹಾಗೆ.

ಮೂರನೇ ದಾರಿ ಜೆರಾಕ್ಸು. ಪರೀಕ್ಷೆ ಬರೆದು ಬಂದವರು ಪ್ರಶ್ನೆಗಳನ್ನು ನೆನಪಿಟ್ಟುಕೊಂಡು (ಕೆಲವರು ಬೇರೆ ಥರ ಕದ್ದು) ಬರೆದಿಟ್ಟ ಪಟ್ಟಿಗಳು. ಅದಕ್ಕೆ ‘ಡಂಪು’ ಅಂತ ಹೆಸರು. ಹೈದರಾಬಾದಿನ ಅಮೀರ್‌ಪೇಟೆಯ ಗಲ್ಲಿಗಳಿಂದ ನಮ್ಮ ಮೆಜೆಸ್ಟಿಕ್ಕಿನವರೆಗೆ ಜೆರಾಕ್ಸ್ ಅಂಗಡಿಗಳು ಇದರಿಂದಲೇ ಬದುಕಿದವು ಅಂದರೆ ತುಂಬಾ ತಪ್ಪಲ್ಲ. ನಮ್ಮ ಇನ್‌ಸ್ಟಿಟ್ಯೂಟಿನ ಮಾಲೀಕರು ಒಂದು ದಿನ ಕರೆದು, ‘ನೋಡಿ, ಪಕ್ಕದ ರಸ್ತೆಯವರು ನೂರಕ್ಕೆ ನೂರು ರಿಸಲ್ಟ್ ಬೋರ್ಡ್ ಹಾಕಿದ್ದಾರೆ. ಕೋರ್ಸ್ ಬ್ಯಾಗಿನಲ್ಲಿ ಇದನ್ನೂ ಇಡಿ’ ಅಂದರು. ನಾನು ಇಟ್ಟೆ. ಬಲವಂತ ಏನೂ ಇರಲಿಲ್ಲ. ನಾನೇ ಕೂತು ಯಾವ ಡಂಪಿನಲ್ಲಿ ಉತ್ತರ ಸರಿಯಿದೆ, ಯಾವುದರಲ್ಲಿ ತಪ್ಪಿದೆ ಅಂತ ಆರಿಸಿ, ಸ್ಪೈರಲ್ ಬೈಂಡ್ ಮಾಡಿಸಿದೆ. ಅಷ್ಟು ಶ್ರದ್ಧೆಯಿಂದ ಇನ್ಯಾವ ಪಠ್ಯವನ್ನೂ ಆರಿಸಿರಲಿಲ್ಲ.

ಆ ಬ್ಯಾಚಿನಲ್ಲಿ ಸಕಲೇಶಪುರದ ಕಡೆಯ ಒಬ್ಬ ಹುಡುಗ ಇದ್ದ. ಅಪ್ಪ ಏಲಕ್ಕಿ ಮಾರಿದ ದುಡ್ಡಲ್ಲಿ ಫೀಸು ಕಟ್ಟಿದ್ದರು. ಮಾತು ಕಡಿಮೆ, ನೆನಪು ಮಾತ್ರ ಅಸಾಧ್ಯ. ಏಳು ವಾರದಲ್ಲಿ ಆರೂ ಪರೀಕ್ಷೆ ಪಾಸು. ಅವನ ಫೋಟೋ ನಮ್ಮ ಬೋರ್ಡಿನ ಮೇಲೆ ಬಂತು. ಎರಡು ತಿಂಗಳಲ್ಲಿ ಒಂದು ಸಣ್ಣ ಸರ್ವಿಸ್ ಕಂಪನಿಯಲ್ಲಿ ಕೆಲಸವೂ ಸಿಕ್ಕಿತು. ಒಂದು ರಾತ್ರಿ ಹತ್ತೂವರೆಗೆ ನಮ್ಮನೆಗೆ ಫೋನು. ಪೀಣ್ಯದ ಯಾವುದೋ ಫ್ಯಾಕ್ಟರಿಯಿಂದ ಮಾಡಿದ್ದ.

ಇಲ್ಲಿ ಸ್ವಲ್ಪ ವಿವರಿಸಬೇಕು. ಎನ್‌ಟಿ ಕಾಲದಲ್ಲಿ ಒಂದು ಆಫೀಸಿನ ಎಲ್ಲರ ಹೆಸರು, ಪಾಸ್‌ವರ್ಡ್ ಬರೆದಿಟ್ಟ ಅಸಲು ಪುಸ್ತಕ ಒಂದೇ ಸರ್ವರಿನಲ್ಲಿ ಇರುತ್ತಿತ್ತು. ಅದು ಪಿಡಿಸಿ. ಅದರ ನಕಲು ಇಟ್ಟುಕೊಂಡ ಸರ್ವರು ಬಿಡಿಸಿ. ಅಸಲು ಸತ್ತರೆ ನಕಲಿಗೆ ಪಟ್ಟ ಕಟ್ಟಬೇಕು, ಅದು ತಾನಾಗಿ ಆಗುವುದಿಲ್ಲ. ಪಟ್ಟ ಕಟ್ಟುವ ತನಕ ಜನ ಲಾಗಿನ್ ಆಗಬಹುದು, ಆದರೆ ಹೊಸಬರನ್ನು ಸೇರಿಸಲು, ಪಾಸ್‌ವರ್ಡ್ ಬದಲಿಸಲು ಆಗಲ್ಲ. ಆ ಫ್ಯಾಕ್ಟರಿಯಲ್ಲಿ ಪಿಡಿಸಿಯ ಹಾರ್ಡ್ ಡಿಸ್ಕ್ ಹೋಗಿತ್ತು. ಮಾರನೇ ದಿನ ಹೊಸ ಶಿಫ್ಟಿನವರಿಗೆಲ್ಲ ಅಕೌಂಟ್ ಮಾಡಬೇಕಿತ್ತು. ಮ್ಯಾನೇಜರ್ ಅವನ ಬೆನ್ನ ಹಿಂದೆಯೇ ನಿಂತಿದ್ದರಂತೆ.

‘ಬಿಡಿಸಿನ ಪ್ರಮೋಟ್ ಮಾಡ್ಬೇಕು ಕಣಪ್ಪಾ, ಅದು ನಿಂಗೊತ್ತಲ್ಲ’ ಅಂದೆ.

‘ಗೊತ್ತು ಸಾರ್. ಆನ್ಸರ್ ಬಿ. ಆದ್ರೆ ಎಲ್ಲಿ ಕ್ಲಿಕ್ ಮಾಡ್ಬೇಕು ಗೊತ್ತಾಗ್ತಿಲ್ಲ.’

ನಗು ಬರಲಿಲ್ಲ ನನಗೆ. ಸರ್ವರ್ ಮ್ಯಾನೇಜರ್ ತೆಗೆಸಿ, ಬಿಡಿಸಿಯ ಹೆಸರಿನ ಮೇಲೆ ಒತ್ತಿಸಿ, ಮೇಲೆ ಕಂಪ್ಯೂಟರ್ ಅನ್ನೋ ಮೆನುವಿನಲ್ಲಿ ‘ಪ್ರಮೋಟ್’ ಹುಡುಕಿಸಿದೆ. ಪಿಡಿಸಿ ಸಿಕ್ಕುತ್ತಿಲ್ಲ ಅಂತ ಅದು ಎಚ್ಚರಿಸಿತು. ಹುಡುಗ ಬೆದರಿ ಕೈ ತೆಗೆದ. ಪರವಾಗಿಲ್ಲ ಒತ್ತು ಅಂದೆ. ಆಯಿತು. ಹಳೇ ಸರ್ವರು ರಿಪೇರಿ ಆಗಿ ವಾಪಸ್ ಬಂದಾಗ ಇಬ್ಬರು ರಾಜರಾಗುತ್ತಾರೆ, ಹಳೆಯದನ್ನು ‘ಡಿಮೋಟ್’ ಮಾಡು ಅಂತಲೂ ಹೇಳಿದೆ. ಅದನ್ನೂ ಅವನು ಓದಿದ್ದ. ಯಾವ ನಂಬರಿನ ಪ್ರಶ್ನೆ ಅಂತಲೂ ನೆನಪಿತ್ತು ಅವನಿಗೆ! ಫೋನಿಟ್ಟ ಮೇಲೆ ನಿದ್ದೆ ಬರಲಿಲ್ಲ. ತಪ್ಪು ಅವನದಲ್ಲ. ನಮ್ಮ ಲ್ಯಾಬಿನಲ್ಲಿ ಮೂರು ಜನಕ್ಕೊಂದು ಕಂಪ್ಯೂಟರು, ಒಂದು ಕಂಪ್ಯೂಟರಿನ ಮುಂದೆ ಒಬ್ಬನೇ ಕೂರುವುದು. ಮಾತು ಕಡಿಮೆಯ ಹುಡುಗ ಯಾವಾಗಲೂ ಹಿಂದೆ ನಿಂತು ನೋಡುತ್ತಿದ್ದ. ಅವನ ಕೈಗೆ ಮೌಸ್ ಕೊಡುವ ಬದಲು ಸ್ಪೈರಲ್ ಬೈಂಡ್ ಕೊಟ್ಟವನು ನಾನು.

ಆಮೇಲಿನ ಬ್ಯಾಚಿನಿಂದ ಕೆಲವು ಬದಲಾವಣೆ ಮಾಡಿದೆ. ಬೆಳಗ್ಗೆ ಟರ್ಮಿನೇಟರ್ ಸರಿಮಾಡುವುದನ್ನು ಬಿಟ್ಟೆ. ಬದಲಿಗೆ ನಾನೇ ಒಂದನ್ನು ಜೇಬಿಗೆ ಹಾಕಿಕೊಂಡು, ‘ನೆಟ್‌ವರ್ಕ್ ಯಾಕೋ ಬರ್ತಿಲ್ಲ, ನೋಡ್ರಪ್ಪಾ’ ಅಂತ ಕಾಫಿಗೆ ಹೋಗುತ್ತಿದ್ದೆ. ಸಿಸ್ಕೋದ ಪರೀಕ್ಷಕನಿಂದ ಕಲಿತದ್ದು. ಎಸ್.ಪಿ. ರೋಡಿನಲ್ಲಿ ಹಳೆಯ ಪೆಂಟಿಯಮ್ಮುಗಳು ಸಿಗುತ್ತಿದ್ದವು, ಎನ್‌ಟಿ ಸರ್ವರಿಗೆ 16 ಎಂಬಿ ಮೆಮೊರಿ ಇದ್ದರೂ ಕುಂಟಿಕೊಂಡು ನಡೆಯುತ್ತೆ. ನಾಲ್ಕು ಹೆಚ್ಚಿಗೆ ತರಿಸಿದೆ. ಎಂಒಸಿಯ ಕ್ಲಿಕ್-ಕ್ಲಿಕ್ ಪಾಠಗಳನ್ನು ಒಂದೊಂದೇ ಹಾಳೆಯ ಲ್ಯಾಬ್ ಶೀಟ್ ಮಾಡಿದೆ: ಕೊನೆಗೆ ಏನು ಆಗಿರಬೇಕು ಅನ್ನೋದು ಮಾತ್ರ ಬರೆದಿರುತ್ತೆ, ಹೇಗೆ ಅನ್ನೋದು ಇರಲ್ಲ. ಕನ್ನಡದಲ್ಲೇ ಬರೆದೆ, ಮೆನುವಿನ ಹೆಸರುಗಳನ್ನು ಮಾತ್ರ ಹಾಗೇ ಬಿಟ್ಟು. ಪಾಠವೂ ಹಾಗೇ. ಎನ್‌ಟಿಯ ‘ಟ್ರಸ್ಟ್’ ಅನ್ನೋದು ಯಾವ ಬ್ಯಾಚಿಗೂ ತಲೆಗೆ ಹೋಗುತ್ತಿರಲಿಲ್ಲ. ನಂಬುವ ಡೊಮೇನ್ ಯಾವುದು, ನಂಬಿಸಿಕೊಂಡದ್ದು ಯಾವುದು, ಬಾಣ ಯಾವ ಕಡೆ ಅಂತ ಗೊಂದಲ. ‘ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಬೀಗದ ಕೈ ಕೊಡ್ತೀರಲ್ಲ, ಕೊಟ್ಟವರು ನಂಬಿದವರು, ಇಸ್ಕೊಂಡವರು ನಿಮ್ಮ ಮನೆ ಒಳಗೆ ಬರಬಹುದು. ನೀವು ಅವರ ಮನೆಗೆ ನುಗ್ಗೋ ಹಾಗಿಲ್ಲ. ಅವರ ಭಾವನೂ ನಿಮ್ಮ ಮನೆಗೆ ಬರೋ ಹಾಗಿಲ್ಲ’ ಅಂದ ದಿನ ಇಡೀ ಕ್ಲಾಸಿಗೆ ಅರ್ಥವಾಯಿತು. ವಿಂಡೋಸ್ 2000ದಲ್ಲಿ ಮೈಕ್ರೋಸಾಫ್ಟು ಒಂದೇ ಕಾಡಿನ ಡೊಮೇನುಗಳಲ್ಲಿ ಭಾವನನ್ನೂ ಒಳಗೆ ಬಿಟ್ಟಿತು, ಅದು ಬೇರೆ ಮಾತು. (ಕಾಡು ಅಂದದ್ದು ತಮಾಷೆಗಲ್ಲ, ಅವರೇ ಇಟ್ಟ ಹೆಸರು ಫಾರೆಸ್ಟ್.)

ರಿಸಲ್ಟು ಬಿತ್ತು. ಅದನ್ನು ಮುಚ್ಚಿಟ್ಟರೆ ಸುಳ್ಳಾಗುತ್ತೆ. ಪಕ್ಕದ ರಸ್ತೆಯವರ ಬೋರ್ಡು ಇನ್ನೂ ದೊಡ್ಡದಾಯಿತು, ನಮ್ಮಲ್ಲಿ ಆರು ಪರೀಕ್ಷೆಗೆ ಐದು ತಿಂಗಳು ಹಿಡಿಯತೊಡಗಿತು. ಮೂರು ಜನ ಫೀಸು ವಾಪಸ್ ಕೇಳಿದರು. ಅವರು ಕೇಳಿದ್ದರಲ್ಲೂ ನ್ಯಾಯ ಇತ್ತು, ಮನೆಯಲ್ಲಿ ಸಾಲ ತೆಗೆದವನಿಗೆ ಎಂಟು ವಾರ ಮತ್ತು ಐದು ತಿಂಗಳು ಒಂದೇ ಅಲ್ಲ.

ಅಷ್ಟರಲ್ಲಿ ನೆಲವೇ ಜರುಗಿತು. 2000ದ ಕೊನೆಗೆ ಮೈಕ್ರೋಸಾಫ್ಟು ಎನ್‌ಟಿ 4.0 ಪರೀಕ್ಷೆಗಳನ್ನು ನಿಲ್ಲಿಸುವುದಾಗಿಯೂ, 2001ರ ಕೊನೆಯೊಳಗೆ ವಿಂಡೋಸ್ 2000ಕ್ಕೆ ಬದಲಾಗದ ಎಂಸಿಎಸ್‌ಇಗಳ ಮುದ್ರೆ ರದ್ದಾಗುವುದಾಗಿಯೂ ಹೇಳಿತು. ಹಳಬರಿಗೆ 70-240 ಅಂತ ಒಂದು ಪರೀಕ್ಷೆ ಕೊಟ್ಟರು. ನಾಲ್ಕು ಪರೀಕ್ಷೆಗೆ ಬದಲು ಒಂದೇ, ಪುಕ್ಕಟೆ, ಆದರೆ ಒಂದೇ ಸಲ ಬರೆಯಬಹುದು. ನಮ್ಮ ಹುಡುಗರು ಹೌಹಾರಿದರು. ಎಲ್ಲೆಡೆಯಿಂದ ಕೂಗೆದ್ದು, 2001ರ ಅಕ್ಟೋಬರಿನಲ್ಲಿ ಕಂಪನಿ ಮಾತು ಹಿಂತೆಗೆದುಕೊಂಡು ಹಳೇ ಮುದ್ರೆ ಉಳಿಯುತ್ತೆ ಅಂದಿತು. ಅಷ್ಟೊತ್ತಿಗೆ ಡಾಟ್‌ಕಾಂ ಗುಳ್ಳೆ ಒಡೆದು ಮುದ್ರೆ ಇದ್ದವರಿಗೂ ಕೆಲಸ ಇರಲಿಲ್ಲ. 2002ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಬ್ಬಾತ ಮೈಕ್ರೋಸಾಫ್ಟ್ ಪರೀಕ್ಷೆಗಳ ಪ್ರಶ್ನೆ ಮಾರಿದ್ದಕ್ಕೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ, ವ್ಯಾಪಾರ ರಹಸ್ಯ ಕದ್ದ ಆರೋಪ. ಜೈಲೂ ಆಯಿತು. ಪೇಪರಿನಲ್ಲಿ ಓದಿ, ನನ್ನ ಸ್ಪೈರಲ್ ಬೈಂಡುಗಳು ನೆನಪಾದವು.

ನನ್ನ ಹೊಟ್ಟೆ ತಣ್ಣಗಾದದ್ದು ರೆಡ್ ಹ್ಯಾಟಿನವರ ಆರ್‌ಎಚ್‌ಸಿಇ ನೋಡಿ. 1999ರಲ್ಲಿ ಬಂದದ್ದು. ಕೆಟ್ಟ ಲಿನಕ್ಸ್ ಯಂತ್ರವನ್ನು ಮುಂದಿಟ್ಟು ರಿಪೇರಿ ಮಾಡು ಅನ್ನೋ ಪರೀಕ್ಷೆ. ಮೊದಲಲ್ಲಿ ಜೊತೆಗೆ ಎ, ಬಿ, ಸಿ, ಡಿ ಭಾಗವೂ ಇತ್ತು, ಆಮೇಲೆ ಅದನ್ನೂ ಕೈಬಿಟ್ಟರು. ಅಲ್ಲಿ ‘ಆನ್ಸರ್ ಬಿ’ ಅಂತ ಹೇಳಿ ಪ್ರಯೋಜನವಿಲ್ಲ. ಪಠ್ಯದ ಸಮಸ್ಯೆಯೂ ಅರ್ಧ ತೀರಿತು, ಲಿನಕ್ಸಿನ ಸೀಡಿ ಒಂದಿದ್ದರೆ ಎಷ್ಟು ಯಂತ್ರಕ್ಕಾದರೂ ಹಾಕಬಹುದು.

ಸಿಸ್ಕೋ ಕಡೆ ಅಷ್ಟು ಸುಲಭ ಇರಲಿಲ್ಲ. 1998ರಲ್ಲಿ ಸಿಸಿಎನ್ಎ ಬಂದ ಮೇಲೆ ಅದಕ್ಕೂ ನಮ್ಮಲ್ಲಿ ಕ್ಯೂ. ಮಾಲೀಕರು ಯಾರಿಂದಲೋ ಮೂರು ಹಳೇ 2501 ರೂಟರು ತಂದರು. ದೇವರ ಮೂರ್ತಿ ಬಂದಷ್ಟು ಸಂಭ್ರಮ. ಬಿಚ್ಚಿ ನೋಡಿದರೆ ಅದರಲ್ಲಿ ನಮಗೆಲ್ಲ ಗೊತ್ತಿರುವ ನೆಟ್‌ವರ್ಕ್ ಕಿಂಡಿಯೇ ಇಲ್ಲ. 2501ರಲ್ಲಿ ಇರುವುದು ಹದಿನೈದು ಪಿನ್ನಿನ ಹಳೇ ಎಯುಐ ಕಿಂಡಿ, ಅದಕ್ಕೆ ಟ್ರಾನ್ಸೀವರ್ ಅಂತ ಬೆಂಕಿಪೊಟ್ಟಣದಷ್ಟರ ಒಂದು ಡಬ್ಬಿ ಬೇಕು. ಅದನ್ನು ಯಾರೂ ತಂದಿರಲಿಲ್ಲ. ಸೀರಿಯಲ್ ಕೇಬಲ್ ಇದ್ದದ್ದರಿಂದ ರೂಟರಿಂದ ರೂಟರಿಗೆ ಜೋಡಿಸಿದೆವು. ಡಿಸಿಇ ತುದಿಯಲ್ಲಿ ‘ಕ್ಲಾಕ್ ರೇಟ್’ ಕೊಡದಿದ್ದರೆ ಲೈನು ಏಳುವುದಿಲ್ಲ ಅನ್ನೋದನ್ನು ನಾನೂ ಹುಡುಗರೂ ಒಟ್ಟಿಗೇ, ಒಂದು ಇಡೀ ಶನಿವಾರ ಕಳೆದು, ಕಲಿತೆವು. ಗೊತ್ತಿಲ್ಲದ್ದನ್ನು ಅವರ ಮುಂದೆಯೇ ಹುಡುಕಿದ್ದು ಅದೇ ಮೊದಲು.

2005ರಲ್ಲಿ ಡೈನಮಿಪ್ಸ್ ಅಂತ ಒಂದು ಪ್ರೋಗ್ರಾಂ ಬಂತು. ಸಿಸ್ಕೋ ರೂಟರಿನ ಅಸಲೀ ಸಾಫ್ಟ್‌ವೇರು ಮಾಮೂಲಿ ಪೀಸಿಯಲ್ಲೇ ಓಡುತ್ತೆ. ಈಗ ಹುಡುಗರು ಮನೆಯಲ್ಲಿ ಕೂತು ಹತ್ತು ರೂಟರ್ ಕಟ್ಟುತ್ತಾರೆ, ಮೌಸು ಯಾರ ಕೈಲಿದೆ ಅನ್ನೋ ಜಗಳವೇ ಇಲ್ಲ. ಕೇಬಲ್ಲು ಮಾತ್ರ ಅದರಲ್ಲಿ ಎಂದೂ ಸಡಿಲವಾಗುವುದಿಲ್ಲ. ಹಾಗಾಗಿ ನಾನು ಈಗಲೂ ಭಾನುವಾರದ ಬ್ಯಾಚಿಗೆ ಒಂದು ಚೀಲದಲ್ಲಿ ಕೇಬಲ್ಲು, ಕ್ರಿಂಪರ್ರು ತಗೊಂಡೇ ಹೋಗೋದು.

ಸಕಲೇಶಪುರದ ಹುಡುಗ ಆ ಕೆಲಸದಲ್ಲಿ ಎರಡು ವರ್ಷ ಇದ್ದ, ಆಮೇಲೆ ಮಸ್ಕತ್ತಿಗೆ ಹೋದ. ಹೋಗುವ ಮುಂಚೆ ಮೂರು ತಿಂಗಳು ನಮ್ಮ ಲ್ಯಾಬಿಗೆ ಸಂಜೆ ಹೊತ್ತು ಬಂದು ಕೂರುತ್ತಿದ್ದ, ಫೀಸು ತಗೊಳ್ಳಲಿಲ್ಲ ನಾನು. ಇನ್‌ಸ್ಟಿಟ್ಯೂಟು ಮುಚ್ಚಿದಾಗ ಸಾಮಾನೆಲ್ಲ ಗುಜರಿಗೆ ಹೋಯಿತು. ಒಂದು 2501 ಮಾತ್ರ ಕೇಳಿ ತಂದೆ, ನಮ್ಮನೆ ಅಟ್ಟದ ಮೇಲಿದೆ. ಹಾಕಿದರೆ ಈಗಲೂ ಆನ್ ಆಗುತ್ತೆ. ಟ್ರಾನ್ಸೀವರ್ ಇನ್ನೂ ಸಿಕ್ಕಿಲ್ಲ.