ಕಾರ್ಡಿಗೆ ಯಾವುದು, ಕವರಿಗೆ ಯಾವುದು?

1879ರ ಜುಲೈನಲ್ಲಿ ಭಾರತದಲ್ಲಿ ಪೋಸ್ಟ್‌ಕಾರ್ಡ್ ಬಂತು. ಬೆಲೆ ಕಾಲಾಣೆ. ಮುಚ್ಚಿದ ಕಾಗದಕ್ಕೆ ಆಗ ಕನಿಷ್ಠ ಅರ್ಧ ಆಣೆ. ಅರ್ಧ ದುಡ್ಡಿಗೇ ಸುದ್ದಿ ಮುಟ್ಟುತ್ತಿತ್ತು. ಆದರೆ ಬರೆದದ್ದನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದಿತ್ತು.

ನಮ್ಮ ಹಳ್ಳಿಗಳಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಓದು ಬಾರದ ಮನೆಗಳಲ್ಲಿ ಪೋಸ್ಟ್‌ಮ್ಯಾನೇ ಕಾಗದ ಓದಿ ಹೇಳುತ್ತಿದ್ದ, ಉತ್ತರವನ್ನೂ ಬರೆದುಕೊಡುತ್ತಿದ್ದ. ಮದುವೆ ಸುದ್ದಿಯಾದರೆ ಕಾರ್ಡಿನ ಮೂಲೆಗೆ ಅರಿಶಿನ. ಸಾವಿನ ಸುದ್ದಿಯಾದರೆ ಓದಿದ ಕೂಡಲೇ ಹರಿದು ಹಾಕುತ್ತಿದ್ದರು. ‘ಉಭಯ ಕುಶಲೋಪರಿ’ ಎಂದು ಶುರುವಾಗುವ ಮಾಮೂಲಿ ಸಮಾಚಾರ ಕಾರ್ಡಿಗೆ. ಸಾಲ, ಆಸ್ತಿ ಜಗಳ, ಮಗಳ ಸಂಸಾರದ ತಾಪತ್ರಯ ಇನ್‌ಲ್ಯಾಂಡಿಗೋ ಕವರಿಗೋ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೂ ಈ ಲೆಕ್ಕ ತಿಳಿದಿತ್ತು.

ಹಾಗಾದರೆ ನಮ್ಮ ವಿಷಯವನ್ನು ಮುಚ್ಚಿಟ್ಟುಕೊಳ್ಳುವುದು ನಮ್ಮ ಹಕ್ಕೇ? ಕೋರ್ಟಿನಲ್ಲಿ ಇದು ಇತ್ಯರ್ಥವಾಗಲು ಬಹಳ ಕಾಲ ಹಿಡಿಯಿತು. ಸಂವಿಧಾನದಲ್ಲಿ ಅಂಥ ಹಕ್ಕಿಲ್ಲ ಎಂಬ ಅರ್ಥದ ಮಾತು ಸುಪ್ರೀಂ ಕೋರ್ಟಿನ 1954 ಮತ್ತು 1962ರ ತೀರ್ಪುಗಳಲ್ಲಿತ್ತು. 2012ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ ಎಂಬತ್ತು ದಾಟಿತ್ತು. ಸರ್ಕಾರದ ಪರ ವಕೀಲರು ಆ ಹಳೆಯ ತೀರ್ಪುಗಳನ್ನೇ ಮುಂದಿಟ್ಟರು.

2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು: ಖಾಸಗಿತನ ಮೂಲಭೂತ ಹಕ್ಕು. ಮರುವರ್ಷ ಸೆಪ್ಟೆಂಬರ್ 26ರಂದು ಆಧಾರ್ ಬಗ್ಗೆಯೇ ತೀರ್ಪು ಬಂತು. ಸರ್ಕಾರಿ ಸವಲತ್ತಿಗೆ ಆಧಾರ್ ಕೇಳಬಹುದು. ಬ್ಯಾಂಕ್ ಖಾತೆಗೆ, ಸಿಮ್‌ಗೆ ಅದನ್ನು ಜೋಡಿಸಲೇಬೇಕು ಎನ್ನುವಂತಿಲ್ಲ. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರ ಹೆಸರು ಆ ತೀರ್ಪಿನ ಹೆಸರಾಗಿ ಉಳಿದಿದೆ.

ಹಕ್ಕೇನೋ ಸಿಕ್ಕಿತು. ಆದರೆ ಅಜ್ಜಿಯ ಲೆಕ್ಕ ನಮ್ಮ ಕೈತಪ್ಪಿದೆ. ಕಾರ್ಡನ್ನು ಯಾರು ಓದಬಹುದೆಂದು ಆಕೆಗೆ ಗೊತ್ತಿತ್ತು. ನಮಗೆ ಗೊತ್ತಿಲ್ಲ. ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಯ ವಾಟ್ಸಾಪ್‌ಗೆ ಆಧಾರ್ ಫೋಟೊ ಕಳಿಸುತ್ತೇವೆ. ಪ್ರಿಂಟ್ ಮನೆಗೆ ಬರುತ್ತದೆ, ಫೋಟೊ ಅಲ್ಲೇ ಉಳಿಯುತ್ತದೆ. ಟಾರ್ಚ್ ಆ್ಯಪ್ ಫೋನ್ ನಂಬರುಗಳನ್ನೆಲ್ಲ ನೋಡಲು ಅನುಮತಿ ಕೇಳಿದರೂ ಓದದೆ ‘ಅಲೋ’ ಒತ್ತುತ್ತೇವೆ.

ಕವರ್ ಈಗಲೂ ಇದೆ. 12 ಅಂಕಿಗಳಲ್ಲಿ ಕೊನೆಯ 4 ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಆಧಾರ್ ವೆಬ್‌ಸೈಟಿನಲ್ಲಿ ಸಿಗುತ್ತದೆ. ಬೇರೆಯವರು ನಮ್ಮ ಬೆರಳಚ್ಚು ಬಳಸಿ ಹಣ ತೆಗೆಯದಂತೆ ಅದನ್ನು ಲಾಕ್ ಮಾಡಲೂಬಹುದು. ಆದರೆ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ಮೊದಲು ನೆನಪಿಟ್ಟು ಅನ್‌ಲಾಕ್ ಮಾಡಬೇಕು. ಮರೆತರೆ ಯಂತ್ರ ಒಪ್ಪುವುದಿಲ್ಲ, ಅಕ್ಕಿಗೆ ಮತ್ತೊಮ್ಮೆ ಸಾಲಿನಲ್ಲಿ ನಿಲ್ಲಬೇಕು. ಕವರಿಗೆ ಆಗಲೂ ಹೆಚ್ಚು ದುಡ್ಡು ಬೀಳುತ್ತಿತ್ತು, ಈಗಲೂ ಸ್ವಲ್ಪ ಕಷ್ಟವೇ.

ಎಲ್ಲವನ್ನೂ ಕವರಿನಲ್ಲಿ ಹಾಕಬೇಕಿಲ್ಲ. ಮಳೆ ಬಂತೇ, ಪೇಟೆಯಲ್ಲಿ ಟೊಮ್ಯಾಟೊ ರೇಟು ಎಷ್ಟು ಎಂಬುದಕ್ಕೆ ಕಾರ್ಡು ಸಾಕು. ಹೆಬ್ಬೆಟ್ಟು, ಒಟಿಪಿ, ಪಾಸ್‌ಬುಕ್ಕು, ಮಕ್ಕಳ ಫೋಟೊ ಮಾತ್ರ ಕವರಿನೊಳಗಿರಲಿ. ಬಟನ್ ಒತ್ತುವ ಮುನ್ನ ಒಮ್ಮೆ ಕೇಳಿಕೊಳ್ಳೋಣ: ಇದನ್ನು ಅಜ್ಜಿ ಕಾರ್ಡಿನಲ್ಲಿ ಬರೆಸುತ್ತಿದ್ದಳೇ?